ರೆಜೆಕ್ಸಿಗೆ ಇನ್ನೆಷ್ಟು ತೇಪೆ ಹಚ್ಚುತ್ತೀರಿ?

ಪ್ರಶ್ನೆ: ಲೆಕ್ಕದ ಸೂತ್ರಗಳನ್ನು ಓದುವ ಪೈಥಾನ್ ಲೈಬ್ರರಿ ಬರೆಯುತ್ತಿದ್ದೇನೆ. ವೇರಿಯಬಲ್ ಹೆಸರು ಕನ್ನಡದಲ್ಲೂ ಇರಬಹುದು. ಈಗ ಎಲ್ಲ ರೆಜೆಕ್ಸಿನಲ್ಲೇ (ಪಠ್ಯದಲ್ಲಿ ನಮೂನೆ ಹುಡುಕುವ ಸಂಕೇತಗಳಲ್ಲಿ) ನಡೆದಿದೆ, ಆದರೆ ಆವರಣದೊಳಗೆ ಆವರಣ ಬಂದರೆ ಕೆಡುತ್ತದೆ. ವ್ಯಾಕರಣ ಕೊಟ್ಟರೆ ಪಾರ್ಸರನ್ನು (ಸೂತ್ರದ ರಚನೆ ಬಿಡಿಸಿ ಓದುವ ಭಾಗವನ್ನು) ತಯಾರಿಸಿಕೊಡುವ ಜನರೇಟರುಗಳಾದ ಲಾರ್ಕ್, ಆಂಟ್ಲರ್ ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಕೆಡುತ್ತದೆ ಎಂದು ನೀವೇ ಬರೆದಿದ್ದೀರಲ್ಲ, ಮತ್ತೆ ಯಾಕೆ ತೇಪೆ? ಎಷ್ಟು ಆವರಣ ತೆರೆದಿದೆ ಎಂದು ನೆನಪಿಟ್ಟುಕೊಳ್ಳುವುದು ಪೈಥಾನಿನ ರೆಜೆಕ್ಸಿಗೆ ಆಗದ ಮಾತು. ಟೋಕನ್ (ಸಂಖ್ಯೆ, ಹೆಸರು, ಚಿಹ್ನೆಯಂಥ ಬಿಡಿ ತುಂಡು) ಕತ್ತರಿಸಲು ಮಾತ್ರ ಅದನ್ನು ಬಳಸಿ.

ಅಲ್ಲೂ ಒಂದು ಗುಂಡಿಯಿದೆ. ‘ಬೆಲೆ’ ಎಂಬ ಪದದ ಮೇಲೆ ಎಲ್ಲರೂ ಕಣ್ಣುಮುಚ್ಚಿ ಬರೆಯುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ (\w+, ಅಂದರೆ ‘ಅಕ್ಷರಗಳ ಸಾಲು’) ಓಡಿಸಿ ನೋಡಿ. ಪೈಥಾನ್ ನಿಮಗೆ ‘ಬ’, ‘ಲ’ ಎಂದು ಎರಡು ತುಂಡು ಕೊಡುತ್ತದೆ. ಎತ್ವ ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ. ತಮಾಷೆಯೆಂದರೆ, ಅದೇ ಪೈಥಾನ್ 3ರಲ್ಲಿ ‘ಬೆಲೆ’ ಎಂದು ವೇರಿಯಬಲ್ಲಿಗೆ ಹೆಸರಿಟ್ಟರೆ ತಕರಾರಿಲ್ಲ. ಹಾಗಾಗಿ ಒಂದೊಂದೇ ಅಕ್ಷರ ಸೇರಿಸುತ್ತ, ಈವರೆಗಿನ ಪದವನ್ನು ಇಸ್‌ಐಡೆಂಟಿಫೈಯರ್ (ಪದ ಹೆಸರಾಗಬಲ್ಲದೇ ಎಂದು ಹೇಳುವ ಪೈಥಾನಿನ ಫಂಕ್ಷನ್) ಒಪ್ಪುತ್ತಿರುವಷ್ಟು ಹೊತ್ತೂ ಮುಂದೆ ಹೋಗಿ.

ಇನ್ನು ಪಾರ್ಸರ್. ಇಷ್ಟು ಸಣ್ಣ ಭಾಷೆಗೆ ಕೈಯಲ್ಲೇ ಬರೆಯಿರಿ. ಕೂಡು-ಕಳೆಗೆ ಒಂದು ಫಂಕ್ಷನ್, ಅದು ಕರೆಯುವ ಗುಣಿಸು-ಭಾಗಿಸುಗೆ ಇನ್ನೊಂದು, ಅದರ ಕೆಳಗೆ ಸಂಖ್ಯೆ, ಹೆಸರು, ಆವರಣಕ್ಕೆ ಮತ್ತೊಂದು. ಆವರಣ ತೆರೆದರೆ ಮೂರನೆಯದು ಮೊದಲನೆಯದನ್ನು ಕರೆಯುತ್ತದೆ. ನೂರೈವತ್ತು ಸಾಲು ದಾಟಲಿಕ್ಕಿಲ್ಲ. ಆದರೆ ಕಳೆಯುವಲ್ಲಿ ಲೂಪ್ ಬಳಸಿ. ಬಲಗಡೆಗೆ ಮತ್ತೆ ತನ್ನನ್ನೇ ಕರೆಯುವ ಹಾಗೆ ಬರೆದರೆ 10-4-3 ಎಂಬುದಕ್ಕೆ 3ರ ಬದಲು 9 ಬರುತ್ತದೆ.

‘ಕೈಯಲ್ಲಿ ಬರೆಯುವವರು ಹವ್ಯಾಸಿಗಳು’ ಎಂದು ವಿಡಿಯೊ ಗುರುಗಳು ಹೇಳುವುದನ್ನು ಕೇಳಿ ನನಗೆ ಸಾಕಾಗಿದೆ. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರಿನವರು 2004ರ 3.4 ಆವೃತ್ತಿಯಲ್ಲಿ ಬೈಸನ್ ಎಂಬ ಜನರೇಟರಿನಿಂದ ತಯಾರಾದ ಸಿ++ ಪಾರ್ಸರನ್ನು ಬಿಟ್ಟು ಕೈಯಲ್ಲಿ ಬರೆದದ್ದನ್ನು ಹಾಕಿಕೊಂಡರು. ಹಾಗಂತ ಜನರೇಟರ್ ಕೆಟ್ಟದ್ದು ಎಂದಲ್ಲ. 2020ರಲ್ಲಿ ಪೈಥಾನ್ 3.9 ಪೆಗ್ (ಪರ್ಯಾಯಗಳನ್ನು ಬರೆದ ಕ್ರಮದಲ್ಲೇ ನೋಡಿ, ಮೊದಲು ಹೊಂದಿದ್ದನ್ನು ಒಪ್ಪುವ ವ್ಯಾಕರಣ ಪದ್ಧತಿ) ಜನರೇಟರಿಗೆ ಬದಲಾಯಿತು. ವ್ಯಾಕರಣ ವಾರವಾರ ಬದಲಾಗುವಂತಿದ್ದರೆ ಲಾರ್ಕ್ ಹಿಡಿಯಿರಿ, ನಿಧಾನ ಅನ್ನಿಸಿದರೆ ಅದರ ಎಲ್‌ಎಎಲ್‌ಆರ್ (ವೇಗದ ಪಾರ್ಸಿಂಗ್ ವಿಧಾನ) ಆಯ್ಕೆ ಹಾಕಿ. ಪೆಗ್ ಆದರೆ ಪರ್ಯಾಯಗಳ ಕ್ರಮ ನೋಡಿಕೊಳ್ಳಿ: ‘<’ ಮೊದಲಿದ್ದರೆ ‘<=’ ಸರದಿ ಬರುವುದೇ ಇಲ್ಲ.

ನಾನು ಕೈಬರಹದ ಪಕ್ಷ ಹಿಡಿಯುವುದು ದೋಷಸಂದೇಶಕ್ಕಾಗಿ. ನನ್ನದೇ ಹಳೆಯ ಲೈಬ್ರರಿಯೊಂದು ‘ಅನಿರೀಕ್ಷಿತ ಟೋಕನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಬಳಸಿದವರ ಬೈಗುಳ ಇವತ್ತಿಗೂ ನೆನಪಿದೆ. ‘3ನೇ ಸಾಲು, 14ನೇ ಅಕ್ಷರ: ಆವರಣ ಮುಚ್ಚಿಲ್ಲ’ ಎನ್ನಬೇಕು.

ಪ್ರಶ್ನೆ: ಒಳ್ಳೆಯ ಕೋಡಿಗೆ ಡಾಕ್ಯುಮೆಂಟೇಶನ್ ಬೇಡವಂತೆ, ಹೌದೇ?

ಉತ್ತರ: ಹಾಗೆಂದವರ ಲೈಬ್ರರಿಯನ್ನು ನಾನು ಮುಟ್ಟುವುದಿಲ್ಲ.

ಪ್ರಶ್ನೆ: ಡಾಕ್‌ಸ್ಟ್ರಿಂಗಿನಲ್ಲಿರುವ (ಫಂಕ್ಷನ್ನಿನೊಳಗೇ ಬರೆದ ವಿವರಣೆಯಲ್ಲಿರುವ) ಉದಾಹರಣೆಗಳು ಹಳತಾಗುತ್ತವೆ. ಏನು ಮಾಡಲಿ?

ಉತ್ತರ: ಆ ಉದಾಹರಣೆಗಳನ್ನು ಓಡಿಸಿ ಉತ್ತರ ತಾಳೆ ನೋಡುವ, ಪೈಥಾನಿನ ಜೊತೆಗೇ ಬರುವ ಡಾಕ್‌ಟೆಸ್ಟ್ ಬಳಸಿ. ಉತ್ತರ ತಪ್ಪಿದ ದಿನವೇ ಟೆಸ್ಟ್ ಬೀಳುತ್ತದೆ. ತಪ್ಪು ಸೂತ್ರ ಕೊಟ್ಟರೆ ಯಾವ ಎಕ್ಸೆಪ್ಶನ್ (ದೋಷದ ಸೂಚನೆ) ಏಳುತ್ತದೆ ಎಂಬ ಉದಾಹರಣೆಯನ್ನೂ ಹಾಕಿ, ಅದನ್ನು ಯಾರೂ ಹಾಕುವುದಿಲ್ಲ.

ಪ್ರಶ್ನೆ: ಎಚ್‌ಟಿಎಂಎಲ್ ಓದಲು ಒಂದು ರೆಜೆಕ್ಸ್ ಕೊಡುತ್ತೀರಾ?

ಉತ್ತರ: ಕೊಡುವುದಿಲ್ಲ.