ಅಪಾರ್ಟ್‌ಮೆಂಟ್ ಸಂಘದ 600 ಇಮೇಲ್ ವಿಳಾಸಗಳು ನನ್ನ ಜಿಮೇಲ್‌ನಲ್ಲಿ ಕಲಸಿಹೋಗಿವೆ. ಗುಂಪು ಮಾಡುವುದು ಹೇಗೆ?

ಹೊಸದಾಗಿ ಕಾರ್ಯದರ್ಶಿಯಾಗಿದ್ದೀರಿ. ಹಿಂದಿನವರು ಕೊಟ್ಟ ಎಕ್ಸೆಲ್ ಫೈಲನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಹಾಕಿದ್ದೀರಿ. ಈಗ ನೆಂಟರು, ಆಫೀಸಿನವರು, ಫ್ಲಾಟ್ ಮಾಲೀಕರು, ಲಿಫ್ಟ್ ರಿಪೇರಿಯವರು ಎಲ್ಲ ಒಂದೇ ಪಟ್ಟಿಯಲ್ಲಿದ್ದಾರೆ ಅಂತ ಬರೆದಿದ್ದೀರಿ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಮೇಲ್‌ಗಳನ್ನು ಕೆಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಖಂಡಿತ ಸರಿ ಮಾಡಬಹುದು, ಗಾಬರಿ ಬೇಡ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ವರ್ಷದಲ್ಲಿ ಸಂಘದಿಂದ ಯಾವ ಯಾವ ಮೇಲ್ ಹೋಗುತ್ತದೆ ಅಂತ ಬರೆಯಿರಿ. ವಾರ್ಷಿಕ ಮಹಾಸಭೆಯ ನೋಟಿಸ್. ಮೇಂಟೆನೆನ್ಸ್ ಬಾಕಿ. ನಾಳೆ ನೀರು ಬರುವುದಿಲ್ಲ ಅನ್ನುವ ಸೂಚನೆ. ಸಮಿತಿ ಸಭೆಯ ನಡಾವಳಿ. ಒಂದೊಂದರ ಎದುರಿಗೆ ಅದು ಯಾರಿಗೆ ಹೋಗಬೇಕು ಅಂತ ಬರೆಯಿರಿ. ನಿಮಗೆ ಬೇಕಾದ ಗುಂಪುಗಳು ಇಷ್ಟೇ.

ಜಾಸ್ತಿ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಹಿರಿಯ ನಾಗರಿಕರು, ಮಕ್ಕಳಿರುವವರು, ಕಾರ್ ಇರುವವರು ಅಂತ ಜನರನ್ನು ನೋಡಿ ಗುಂಪು ಮಾಡುತ್ತಾರೆ. ಆಮೇಲೆ ಆ ಗುಂಪಿಗೆ ಒಂದು ಮೇಲ್ ಕೂಡ ಹೋಗುವುದಿಲ್ಲ. ಕಳಿಸುವ ಕಾಗದವನ್ನು ನೋಡಿ ಗುಂಪು ಮಾಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಮಹಾಸಭೆಯ ನೋಟಿಸ್ ಮಾಲೀಕರಿಗೆ ಹೋಗಬೇಕು. ಅವರು ಮನೆ ಬಾಡಿಗೆಗೆ ಕೊಟ್ಟು ಅಮೆರಿಕದಲ್ಲಿದ್ದರೂ ಹೋಗಬೇಕು. ನೀರಿನ ಸೂಚನೆ ಮಾತ್ರ ಇಲ್ಲಿ ವಾಸ ಇರುವವರಿಗೆ ಸಾಕು, ಅವರು ಮಾಲೀಕರಾಗಲಿ, ಬಾಡಿಗೆಯವರಾಗಲಿ. ಅಂದರೆ ‘ಮಾಲೀಕರು’, ‘ವಾಸ ಇರುವವರು’, ‘ಸಮಿತಿ’, ‘ಕೆಲಸದವರು’ ಅಂತ ನಾಲ್ಕು ಗುಂಪು ಸಾಕಾಗುತ್ತದೆ. ತಮ್ಮ ಫ್ಲಾಟ್‌ನಲ್ಲೇ ಇರುವ ಖಜಾಂಚಿಯವರು ಮೊದಲ ಮೂರರಲ್ಲೂ ಬರುತ್ತಾರೆ. ಅದರಲ್ಲಿ ತೊಂದರೆ ಏನಿಲ್ಲ. ಜಿಮೇಲ್‌ನ ವಿಳಾಸಗಳೆಲ್ಲ ಇರುವ ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಗುಂಪಿಗೆ ಲೇಬಲ್ ಅನ್ನುತ್ತಾರೆ, ಒಬ್ಬರಿಗೆ ಎಷ್ಟು ಲೇಬಲ್ ಬೇಕಾದರೂ ಹಚ್ಚಬಹುದು. ವಿಳಾಸ ಒಂದೇ ಕಡೆ ಇರುತ್ತದೆ, ಅವರ ಇಮೇಲ್ ಬದಲಾದರೆ ಒಂದು ಸಲ ತಿದ್ದಿದರೆ ಆಯಿತು.

ನಿಮಗೆ ಒಂದು ಅನುಕೂಲ ಆಗಲೇ ಇದೆ. ಫೈಲ್ ಇಂಪೋರ್ಟ್ ಮಾಡಿದಾಗ ಗೂಗಲ್ ಆ ದಿನದ ತಾರೀಖು ಹಾಕಿ ‘ಇಂಪೋರ್ಟೆಡ್ ಆನ್’ ಅಂತ ಒಂದು ಲೇಬಲ್ ತಾನೇ ಮಾಡುತ್ತದೆ. ಕಂಪ್ಯೂಟರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಎಡಗಡೆ ಲೇಬಲ್‌ಗಳ ಪಟ್ಟಿ ನೋಡಿ. ಅದನ್ನು ಒತ್ತಿದರೆ ಸಂಘದವರು ಮಾತ್ರ ಕಾಣುತ್ತಾರೆ, ನಿಮ್ಮ ನೆಂಟರು ಪಕ್ಕಕ್ಕೆ ಸರಿಯುತ್ತಾರೆ. ಅರ್ಧ ಕೆಲಸ ಮುಗಿದಂತೆ, ಅಲ್ವಾ?

ಲೇಬಲ್ಸ್ ಪಕ್ಕದ ಪ್ಲಸ್ ಗುರುತು ಒತ್ತಿ ಹೊಸ ಲೇಬಲ್‌ಗಳನ್ನು ಮಾಡಿ. ಹೆಸರು ಕನ್ನಡದಲ್ಲೇ ಇಡಬಹುದು. ಆದರೆ ಮೇಲ್ ಬರೆಯುವಾಗ ಅದನ್ನೇ ಟೈಪ್ ಮಾಡಬೇಕಾಗುತ್ತದೆ, ಹಾಗಾಗಿ ನಿಮ್ಮ ಕೈಗೆ ಸಲೀಸಾಗಿ ಬರುವ ಲಿಪಿ ಆರಿಸಿಕೊಳ್ಳಿ. ಆಮೇಲೆ ಪಟ್ಟಿಯಲ್ಲಿ ಹೆಸರಿನ ಎಡಕ್ಕಿರುವ ಫೋಟೊ ಮೇಲೆ ಮೌಸ್ ಇಟ್ಟರೆ ಅಲ್ಲಿ ಟಿಕ್ ಮಾಡುವ ಚೌಕ ಬರುತ್ತದೆ. ಬೇಕಾದವರಿಗೆಲ್ಲ ಟಿಕ್ ಹಾಕಿ. ಮೇಲಿರುವ ಲೇಬಲ್ ಗುರುತು ಒತ್ತಿ, ಹೆಸರು ಆರಿಸಿ, ಅಪ್ಲೈ ಕೊಡಿ. ಪುರುಸೊತ್ತಿದ್ದಾಗ ‘ಕಂಪನಿ’ ಅನ್ನುವ ಜಾಗದಲ್ಲಿ ಫ್ಲಾಟ್ ನಂಬರ್ ತುಂಬಿಡಿ. ಮುಂದೆ ಹುಡುಕುವ ಪೆಟ್ಟಿಗೆಯಲ್ಲಿ ಬಿ-304 ಅಂತ ಹೊಡೆದರೆ ಆ ಮನೆಯವರೇ ಬರುತ್ತಾರೆ.

ಒಂದೇ ಹೆಸರು ಎರಡೆರಡು ಸಲ ಇದ್ದರೆ ಅವನ್ನು ಒಂದು ಮಾಡಲು ‘ಮರ್ಜ್ ಅಂಡ್ ಫಿಕ್ಸ್’ ಇದೆ. ಎಲ್ಲವನ್ನೂ ಒಟ್ಟಿಗೆ ಒಪ್ಪಬೇಡಿ, ಒಂದೊಂದೇ ನೋಡಿ. ಗಂಡ ಹೆಂಡತಿ ಇಬ್ಬರೂ ಒಂದೇ ಇಮೇಲ್ ಕೊಟ್ಟಿರುವ ಮನೆಗಳು ಎಲ್ಲ ಕಡೆ ಇರುತ್ತವೆ, ಅಲ್ಲಿ ಇಬ್ಬರು ಸೇರಿ ಒಬ್ಬರಾಗಿಬಿಡಬಹುದು.

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಕೆಲಸ ಮುಗಿದ ಮೇಲೆ ಆ ‘ಇಂಪೋರ್ಟೆಡ್’ ಲೇಬಲ್ ತೆಗೆಯಬೇಕು ಅನಿಸುತ್ತದೆ. ಡಿಲೀಟ್ ಒತ್ತಿದಾಗ ಎರಡು ಆಯ್ಕೆ ಕೇಳುತ್ತದೆ. ಒಂದರಲ್ಲಿ ಲೇಬಲ್ ಮಾತ್ರ ಹೋಗಿ ಜನ ಉಳಿಯುತ್ತಾರೆ. ಇನ್ನೊಂದರಲ್ಲಿ ಲೇಬಲ್ ಜೊತೆ ಅದರೊಳಗಿನ ಎಲ್ಲರೂ ಅಳಿಸಿಹೋಗುತ್ತಾರೆ. ನಿಮಗೆ ಬೇಕಾದದ್ದು ಮೊದಲನೆಯದು. ಅಕಸ್ಮಾತ್ ಎಡವಟ್ಟಾದರೆ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಚೇಂಜಸ್’ ಇದೆ, 30 ದಿನದ ಹಿಂದಿನವರೆಗಿನ ಸ್ಥಿತಿಗೆ ಮರಳಬಹುದು. ಆದರೆ ಆ ಮಧ್ಯೆ ಸೇರಿಸಿದ್ದೂ ಹೋಗುತ್ತದೆ ಅನ್ನುವುದು ನೆನಪಿರಲಿ.

ಇನ್ನು ಕಳಿಸುವುದು. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಕಂಪೋಸ್ ಒತ್ತಿ, ‘ಟು’ ಜಾಗದಲ್ಲಿ ನಿಮ್ಮದೇ ವಿಳಾಸ ಹಾಕಿ. ‘ಬಿಸಿಸಿ’ ತೆರೆದು ಅಲ್ಲಿ ಲೇಬಲ್ ಹೆಸರು ಟೈಪ್ ಮಾಡಿದರೆ ಅದರ ವಿಳಾಸಗಳೆಲ್ಲ ಬಂದು ಕೂರುತ್ತವೆ. ಬಿಸಿಸಿಯಲ್ಲಿ ಹಾಕಿದ ವಿಳಾಸಗಳು ಮೇಲ್ ಸಿಕ್ಕ ಬೇರೆಯವರಿಗೆ ಕಾಣುವುದಿಲ್ಲ. ಬಿಸಿಸಿ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ನನ್ನ ತಂಗಿ ಇರುವ ಅಪಾರ್ಟ್‌ಮೆಂಟ್‌ನಲ್ಲಿ ಒಮ್ಮೆ ಪೇಂಟಿಂಗ್ ಖರ್ಚಿನ ಮೇಲ್ ಎಲ್ಲರ ವಿಳಾಸ ಕಾಣುವ ಹಾಗೆ ಹೋಯಿತು. ಒಬ್ಬರು ‘ರಿಪ್ಲೈ ಆಲ್’ ಒತ್ತಿ ಪಕ್ಕದ ಮನೆಯವರ ಬಾಕಿ ಎಷ್ಟು ಅಂತ ಬರೆದರು. ಆ ಪಕ್ಕದ ಮನೆಯವರು ಮೂರು ತಿಂಗಳು ಯಾರ ಹತ್ತಿರವೂ ಮಾತಾಡಲಿಲ್ಲ. ಜನ ನಂಬಿಕೆಯಿಂದ ಸಂಘಕ್ಕೆ ವಿಳಾಸ ಕೊಟ್ಟಿರುತ್ತಾರೆ, ಅದನ್ನು ಕಾಯುವುದು ಕಾರ್ಯದರ್ಶಿಯ ಕೆಲಸ.

ನಿಮ್ಮ ಪಟ್ಟಿಯಲ್ಲಿ 600 ಜನ ಇರುವುದರಿಂದ ಇನ್ನೊಂದು ಮಾತು. ಸಾಮಾನ್ಯ ಜಿಮೇಲ್‌ನಲ್ಲಿ ಒಂದು ಮೇಲ್ 500ಕ್ಕಿಂತ ಜಾಸ್ತಿ ಜನಕ್ಕೆ ಹೋಗುವುದಿಲ್ಲ. ಮಿತಿ ದಾಟಿದರೆ 24 ಗಂಟೆವರೆಗೂ ಕಳಿಸಲು ಬಿಡದೆ ಇರಬಹುದು. ಆದ್ದರಿಂದ ‘ಮಾಲೀಕರು’ ಲೇಬಲ್ ದೊಡ್ಡದಾದರೆ ‘ಮಾಲೀಕರು ಎ ಬ್ಲಾಕ್’, ‘ಮಾಲೀಕರು ಬಿ ಬ್ಲಾಕ್’ ಅಂತ ಒಡೆಯಿರಿ. ಇವತ್ತು ಒಂದು, ನಾಳೆ ಒಂದು ಕಳಿಸಿ.

ಕೊನೆಗೆ, ಈ ಲೇಬಲ್‌ಗಳು ನಿಮ್ಮ ಖಾತೆಯಲ್ಲಿ ಮಾತ್ರ ಇರುತ್ತವೆ. ಸಂಘದ ಹೆಸರಲ್ಲೇ ಒಂದು ಜಿಮೇಲ್ ತೆರೆಯುವುದು ಒಳ್ಳೆಯದು. ಲೇಬಲ್ ಹಚ್ಚಿದ ಮೇಲೆ ‘ಎಕ್ಸ್‌ಪೋರ್ಟ್’ ಒತ್ತಿ. ಅಲ್ಲಿ ಯಾವ ಲೇಬಲ್ ಅಂತ ಆರಿಸಬಹುದು, ಗೂಗಲ್ ಸಿಎಸ್‌ವಿ ಅನ್ನುವುದನ್ನು ತೆಗೆದುಕೊಳ್ಳಿ. ಹೊಸ ಖಾತೆಯಲ್ಲಿ ಅದನ್ನೇ ಇಂಪೋರ್ಟ್ ಮಾಡಿ. ಅಲ್ಲಿ ಎಲ್ಲರೂ ಸರಿಯಾಗಿ ಬಂದಿದ್ದಾರೆ ಅಂತ ನೋಡಿಕೊಂಡ ಮೇಲೇ ನಿಮ್ಮ ಸ್ವಂತ ಖಾತೆಯಿಂದ ತೆಗೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೆಳಗೆ ಬರೆಯಿರಿ, ಪರದೆ ಮೇಲೆ ಏನು ಕಾಣುತ್ತಿದೆ ಅಂತ ಹೇಳಿದರೆ ಮುಂದಿನ ಹೆಜ್ಜೆ ಹೇಳುತ್ತೇನೆ.