ಹಳೆಯ ಅಂಬಾಸಿಡರ್ ಪೆಟ್ರೋಲ್ ಎಂಜಿನ್ನಿಗೆ ಯಾವ ಆಯಿಲ್ ಸೂಕ್ತ?

1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್‌ಗೆ ಇಂದಿನ ಕಾರುಗಳ ತೆಳುವಾದ 5ಡಬ್ಲ್ಯು-30 ದರ್ಜೆಯ ಆಯಿಲ್ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ; ಅದಕ್ಕಿಂತ ದಪ್ಪನೆಯ, ಒಳ್ಳೆಯ 20ಡಬ್ಲ್ಯು-50 ಮಿನರಲ್ ಆಯಿಲ್ (ಕಚ್ಚಾ ತೈಲವನ್ನು ಶುದ್ಧೀಕರಿಸಿ ತಯಾರಿಸಿದ್ದು) ಬಳಸಿ.

ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸರಣಿಗೆ ಸೇರಿದ ಈ ಎಂಜಿನ್ನಿನಲ್ಲಿ ವಾಲ್ವ್ ತೆರೆಯಲು ನೆರವಾಗುವ ಟ್ಯಾಪೆಟ್‌ಗಳಿಗೆ ರೋಲರ್ ಇಲ್ಲ. ಅವು ತಮ್ಮನ್ನು ಎತ್ತುವ, ತಿರುಗುವ ಉಬ್ಬಾದ ಕ್ಯಾಮ್‌ ಮೇಲೆ ನೇರವಾಗಿ ಉಜ್ಜುತ್ತವೆ, ಮತ್ತು ಅಲ್ಲಿನ ಒತ್ತಡಕ್ಕೆ ಆಯಿಲ್ಲಿನ ಪದರ ಹರಿದಾಗ ಲೋಹವನ್ನು ಕಾಯುವುದು ಸತು ಹಾಗೂ ರಂಜಕವಿರುವ ಜಡ್‌ಡಿಡಿಪಿ ಎಂಬ ಸಂಯುಕ್ತ. ರಂಜಕವು ಇಂದಿನ ಕಾರುಗಳ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ನಿಗದಿಪಡಿಸಿದ ಗುಣಮಟ್ಟಗಳ ಪೈಕಿ ಎಸ್‌ಎಂ ಮತ್ತು ಅನಂತರದ ದರ್ಜೆಗಳಲ್ಲಿ 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಿಗೆ ರಂಜಕದ ಗರಿಷ್ಠ ಪ್ರಮಾಣವನ್ನು ಶೇ. 0.08ಕ್ಕೆ ಇಳಿಸಲಾಗಿದೆ. 20ಡಬ್ಲ್ಯು-50ಕ್ಕೆ ಈ ಮಿತಿ ಅನ್ವಯಿಸದಿದ್ದರೂ, ತಯಾರಕರ ಮಾಹಿತಿಪತ್ರದಲ್ಲಿ ರಂಜಕ ಶೇ. 0.1ರಷ್ಟಾದರೂ ಇದೆಯೇ ಎಂದು ನೋಡಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಬ್ರ್ಯಾಂಡಿನ ಹೆಸರಿಗಿಂತ ಈ ಅಂಕಿಯೇ ಮುಖ್ಯ.

ಬೇರಿಂಗ್ ಸವೆದು ಸಂದು ಹಿಗ್ಗಿರುವ ಎಂಜಿನ್ನಿನಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ದಪ್ಪ ಆಯಿಲ್ ಮಾತ್ರ ಸಾಕಷ್ಟು ಆಯಿಲ್ ಒತ್ತಡವನ್ನು ಉಳಿಸಿಕೊಳ್ಳುತ್ತದೆ. ಸಿಂಥೆಟಿಕ್ (ಕೃತಕವಾಗಿ ತಯಾರಿಸಿದ) ಆಯಿಲ್ ತಾನಾಗಿ ಹಾನಿಕರವಲ್ಲ, ಆದರೆ ಸೋರುವ ಎಂಜಿನ್ನಿಗೆ ಅದು ದುಬಾರಿ.

ಕಾರು ಹೆಚ್ಚು ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಏಕೆಂದರೆ ನಿಂತ ಎಂಜಿನ್ನಿನಲ್ಲಿ ಸೇರುವ ತೇವಾಂಶ ಮತ್ತು ಆಮ್ಲಗಳು ಬೇರಿಂಗನ್ನು ತಿನ್ನುತ್ತವೆ.