ಒಸಡಿನ ಕಾಯಿಲೆಗೆ ಕಣ್ಣಿನ ತಪಾಸಣೆ ಏಕೆ?

ನಿಮ್ಮ ತಾಯಿಯವರ ಒಸಡು ಒಂದು ವರ್ಷದಿಂದ ಸುಲಿಯುತ್ತಿದ್ದು, ಬಯಾಪ್ಸಿಯಲ್ಲಿ ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್ ಎಂದು ಬಂದಿರುವಾಗ, ಕಣ್ಣು ಸ್ವಲ್ಪ ಕೆಂಪಾದ ಮಾತ್ರಕ್ಕೆ ನೇತ್ರತಜ್ಞರಿಗೆ ತೋರಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ತೋರಿಸಿ, ಈ ವಾರವೇ ತೋರಿಸಿ.

ಈ ಕಾಯಿಲೆಯಲ್ಲಿ, ಬಾಯಿ, ಕಣ್ಣು ಮುಂತಾದವುಗಳ ಒಳಮೈಯನ್ನು ಹೊದ್ದಿರುವ ಲೋಳೆಪೊರೆಯ ಮೇಲ್ಪದರವನ್ನು ಕೆಳಗಿನ ಅಂಗಾಂಶಕ್ಕೆ ಹಿಡಿದಿಡುವ ಪ್ರೋಟೀನುಗಳ ಮೇಲೆ ದೇಹದ ಪ್ರತಿಕಾಯಗಳೇ ದಾಳಿ ಮಾಡುವುದರಿಂದ ಪದರ ಬಿಟ್ಟುಕೊಂಡು ಗುಳ್ಳೆಯೇಳುತ್ತದೆ. ಬಾಯಿಯ ಹುಣ್ಣು ಸಾಮಾನ್ಯವಾಗಿ ಕಲೆಯುಳಿಸದೆ ಮಾಯುತ್ತದೆ, ಕಣ್ಣಿನದು ಹಾಗಲ್ಲ. ಅಲ್ಲಿ ಗುಳ್ಳೆ ಕಾಣಿಸುವುದೇ ಅಪರೂಪ, ಬರೀ ಕೆಂಪು ಮತ್ತು ಮರಳು ಬಿದ್ದಂತಹ ಕಿರಿಕಿರಿ. ಇದೇ ಕಾಯಿಲೆಯಿದ್ದ ನನ್ನ ತಾಯಿಯ ಕೆಳರೆಪ್ಪೆಯನ್ನು ವೈದ್ಯರು ಬೆರಳಿನಿಂದ ಕೆಳಗೆಳೆದು ಮೇಲೆ ನೋಡಲು ಹೇಳಿದಾಗ, ರೆಪ್ಪೆಯ ಒಳಮೈಗೂ ಕಣ್ಣುಗುಡ್ಡೆಗೂ ನಡುವೆ ತೆಳ್ಳನೆಯ ಪಟ್ಟಿಯೊಂದು ಬಿಗಿದು ನಿಂತಿದ್ದನ್ನು ನಾನೇ ಕಂಡೆ. ಅದನ್ನು ಅಲರ್ಜಿಯೆಂದು ತಿಳಿದು ಆರು ತಿಂಗಳು ಕಳೆದಿದ್ದೆವು. ಹಾಗೆ ಬೆಸೆದುಕೊಂಡದ್ದನ್ನು ಔಷಧವು ಬಿಡಿಸಲಾರದು, ಮುಂದುವರಿಯದಂತೆ ತಡೆಯಬಲ್ಲದು.

ಈ ಕಾಯಿಲೆಗೆ ಡ್ಯಾಪ್ಸೋನ್ ಎಂಬ ಔಷಧ ಬರೆದುಕೊಟ್ಟರೆ, ಮೊದಲು ಜಿ6ಪಿಡಿ ಎಂಬ ಕಿಣ್ವದ ರಕ್ತಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಆ ಕಿಣ್ವದ ಕೊರತೆಯಿದ್ದವರಲ್ಲಿ ಈ ಔಷಧ ಕೆಂಪು ರಕ್ತಕಣಗಳನ್ನು ಒಡೆಯಬಹುದು. ದನಿ ಒಡೆದರೆ ಅಥವಾ ನುಂಗಲು ಕಷ್ಟವಾದರೆ ಗಂಟಲನ್ನೂ ಕೂಡಲೇ ತೋರಿಸಬೇಕು. ಇದು ಅಂಟುರೋಗವಲ್ಲ, ದಯವಿಟ್ಟು ಅವರ ತಟ್ಟೆ ಲೋಟವನ್ನು ಬೇರೆ ಇಡಬೇಡಿ.